ಸುಣ್ಣದ ಚೀಲ ಮತ್ತು ಬಾಣದ ಎಡಬದಿ

ಅಣ್ಣನ ಮಗಳು ಈ ವರ್ಷ ಹತ್ತನೆಯ ತರಗತಿ. ವಿಜ್ಞಾನದ ಮೊದಲ ಪಾಠವೇ ರಾಸಾಯನಿಕ ಕ್ರಿಯೆಗಳು ಮತ್ತು ಸಮೀಕರಣಗಳು. ಜೂನ್ ತಿಂಗಳ ಒಂದು ಸಂಜೆ ನನ್ನೆದುರು ಕುಳಿತು, ‘ಕೆಳಗಿನ ಸಮೀಕರಣಗಳಲ್ಲಿ ಪ್ರತಿವರ್ತಕಗಳನ್ನೂ ಉತ್ಪನ್ನಗಳನ್ನೂ ಗುರುತಿಸಿ’ ಎಂಬ ಪ್ರಶ್ನೆಗೆ ಉತ್ತರ ಬರೆಯುತ್ತಿದ್ದಳು. ಕ್ರಿಯೆಗೆ ಇಳಿಯುವ ವಸ್ತು ಪ್ರತಿವರ್ತಕ, ಕ್ರಿಯೆಯಿಂದ ಹುಟ್ಟುವ ವಸ್ತು ಉತ್ಪನ್ನ. ಎಂಟು ಸಮೀಕರಣಗಳು. ಎರಡು ನಿಮಿಷವೂ ಹಿಡಿಯಲಿಲ್ಲ. ಬಾಣದ ಗುರುತಿನ ಮೇಲೆ ಬೆರಳಿಟ್ಟು, ಬೆರಳಿನ ಎಡಕ್ಕಿರುವುದನ್ನೆಲ್ಲ ಒಂದು ಪಟ್ಟಿಗೆ, ಬಲಕ್ಕಿರುವುದನ್ನೆಲ್ಲ ಇನ್ನೊಂದಕ್ಕೆ ಇಳಿಸುತ್ತ ಹೋದಳು. ಮೆಗ್ನೀಷಿಯಂ, ಆಕ್ಸಿಜನ್: ಎಡ. ಮೆಗ್ನೀಷಿಯಂ ಆಕ್ಸೈಡ್: ಬಲ. ಪುಸ್ತಕ ಮುಚ್ಚಿ, “ಇದು ಬಿಟ್ಟಿ ಅಂಕ ಕಾಕಾ” ಎಂದಳು.

ನಿಜವೇ. ಆ ಪ್ರಶ್ನೆಗೆ ರಸಾಯನಶಾಸ್ತ್ರ ಬೇಕಿಲ್ಲ, ಎಡಬಲ ತಿಳಿದಿದ್ದರೆ ಸಾಕು. ನನಗೆ ಮಾತ್ರ ಸುಮ್ಮನಿರಲಾಗಲಿಲ್ಲ. “ದೀಪಾವಳಿಗೆ ಗೋಡೆಗೆ ಸುಣ್ಣ ಬಳಿಯುತ್ತಾರಲ್ಲ, ಬಳಿದಾಗ ನೀರುನೀರಾಗಿದ್ದದ್ದು ಮೂರು ದಿನಕ್ಕೆ ಗಟ್ಟಿಯಾಗಿ ಬೆಳ್ಳಗೆ ಹೊಳೆಯುತ್ತದೆ. ಅಲ್ಲಿ ಪ್ರತಿವರ್ತಕ ಯಾವುದು?” ಎಂದೆ.

“ಸುಣ್ಣ.”

“ಇನ್ನೊಂದು?”

ಸ್ವಲ್ಪ ಯೋಚಿಸಿ, “ಗೋಡೆ” ಎಂದಳು.

ನಾನು ನಕ್ಕೆ. ನಗಬಾರದಿತ್ತು. ಆ ವಯಸ್ಸಿನಲ್ಲಿ ನನ್ನನ್ನು ಕೇಳಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ.

*

ನನ್ನ ಕಸುಬು ಲೆಕ್ಕ ತಪಾಸಣೆ. ಮೂವತ್ತು ವರ್ಷ ಸಣ್ಣಪುಟ್ಟ ಸಹಕಾರ ಸಂಘಗಳ ಖಾತೆ ಪುಸ್ತಕಗಳನ್ನು ತಿರುವಿ ಹಾಕಿದ್ದೇನೆ. ಈ ಕಸುಬಿನಲ್ಲಿ ಒಂದು ಅನುಭವ ಗಟ್ಟಿ. ಪೆಟ್ಟಿಗೆಯಲ್ಲಿ ನಗದು ಕಡಿಮೆ ಬಿದ್ದರೆ ಯಾರ ಮೇಲಾದರೂ ಅನುಮಾನ ಪಟ್ಟು ಮುಂದೆ ಹೋಗಬಹುದು. ನಗದು ಹೆಚ್ಚು ಬಿದ್ದರೆ ಮಾತ್ರ ರಾತ್ರಿ ನಿದ್ದೆ ಬರುವುದಿಲ್ಲ. ಎಲ್ಲಿಂದ ಬಂತು? ಯಾರು ಕೊಟ್ಟರು? ರಶೀದಿ ಎಲ್ಲಿ? ಕೊಟ್ಟವನ ಹೆಸರು ಬಿಟ್ಟುಹೋದ ಲೆಕ್ಕಕ್ಕಿಂತ ಕಷ್ಟದ ಲೆಕ್ಕವಿಲ್ಲ.

ಅಂಥ ಲೆಕ್ಕವೊಂದನ್ನು ನಾನು ಮೊದಲು ಕಂಡದ್ದು ಕಚೇರಿಯಲ್ಲಲ್ಲ, ನಮ್ಮೂರ ಮನೆಯ ಬಚ್ಚಲ ಮೂಲೆಯಲ್ಲಿ.

ನಮ್ಮದು ಕಲಬುರಗಿ ಜಿಲ್ಲೆ. ನೆಲಕ್ಕೆ ಶಹಾಬಾದ್ ಕಲ್ಲು, ಗೋಡೆಗೆ ಸುಣ್ಣ. ಪ್ರತಿವರ್ಷ ಮಹಾನವಮಿಗೆ ಮುಂಚೆ ಸುಣ್ಣ ಬಳಿಯುವುದು ಮನೆಯ ದೊಡ್ಡ ಕೆಲಸ. ನನ್ನ ಕಾಕಾ ಸುಣ್ಣದ ಭಟ್ಟಿಯಿಂದ ಸುಟ್ಟ ಸುಣ್ಣದ ಉಂಡೆಗಳನ್ನು ತರುತ್ತಿದ್ದ. ನೋಡಿದರೆ ಬೂದುಬಿಳಿ ಕಲ್ಲು, ಎತ್ತಿದರೆ ಕಲ್ಲಿನಷ್ಟು ಭಾರವಿಲ್ಲ. ಅರ್ಧಕ್ಕೆ ಕತ್ತರಿಸಿದ ಡ್ರಮ್ಮಿನಲ್ಲಿ ಹಾಕಿ ನೀರು ಸುರಿದರೆ ಮೊದಲು ಏನೂ ಇಲ್ಲ. ಒಂದು ನಿಮಿಷ ಕಳೆದ ಮೇಲೆ ಚಟಚಟ ಸದ್ದು, ಆಮೇಲೆ ಹಬೆ, ಆಮೇಲೆ ಒಲೆಯಿಲ್ಲದೆ ಕೊತಕೊತ ಕುದಿತ. ಮಕ್ಕಳನ್ನೆಲ್ಲ ಅಂಗಳದ ಆಚೆ ನಿಲ್ಲಿಸುತ್ತಿದ್ದರು. ಒಂದು ಹನಿ ಕಣ್ಣಿಗೆ ಸಿಡಿದರೆ ಕಣ್ಣು ಹೋದಂತೆಯೇ. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಎಂಬ ಮಾತಿನ ಕ್ರೌರ್ಯ ನನಗೆ ಅರ್ಥವಾದದ್ದು ಆ ಡ್ರಮ್ಮಿನ ಮುಂದೆ. ಬೆಣ್ಣೆ, ಸುಣ್ಣ ಎರಡೂ ಬಿಳಿ, ಎರಡೂ ಮೆತ್ತಗೆ. ಕಣ್ಣಿಗೆ ಬೀಳುವವರೆಗೆ ವ್ಯತ್ಯಾಸವಿಲ್ಲ.

ಕುದಿದ ಮೇಲೆ ಉಂಡೆ ಒಡೆದು, ಬಿರಿದು, ಉಬ್ಬಿ, ಮೊದಲಿನ ಎರಡರಷ್ಟು ಜಾಗ ತುಂಬುತ್ತದೆ. ಸುಣ್ಣ ಅರಳಿತು ಎನ್ನುತ್ತಾರೆ. ಪಠ್ಯಪುಸ್ತಕವೂ ಅದನ್ನು ಅರಳಿದ ಸುಣ್ಣ ಎಂದೇ ಕರೆಯುತ್ತದೆ. ಪಾರಿಭಾಷಿಕ ಪದಗಳ ರಾಶಿಯಲ್ಲಿ ನನಗೆ ಬಹಳ ಇಷ್ಟವಾದ ಪದ ಇದು. ನಾಗರ ಪಂಚಮಿಗೆ ಹುರಿಯುವ ಜೋಳದ ಅರಳೂ ಹೀಗೆಯೇ ಬಿರಿಯುತ್ತದೆ. ಪದ ಮಾಡಿದವರು ಯಾರೋ ಆ ಡ್ರಮ್ಮಿನ ಪಕ್ಕ ನಿಂತಿದ್ದವರೇ ಇರಬೇಕು, ಕೋಶ ನೋಡಿ ಮಾಡಿದ್ದಲ್ಲ.

ಒಂದು ವರ್ಷ ಕಾಕಾ, ಬೆಲೆ ಇಳಿದಿದೆ ಎಂದು ಮಳೆಗಾಲದ ಆರಂಭದಲ್ಲೇ ಹತ್ತು ಕಿಲೋ ಸುಟ್ಟ ಸುಣ್ಣ ತಂದು, ಗೋಣಿಚೀಲದಲ್ಲಿ ಕಟ್ಟಿ ಬಚ್ಚಲ ಮೂಲೆಯಲ್ಲಿಟ್ಟ. ಮಹಾನವಮಿ ಹತ್ತಿರ ಬಂದಾಗ ನೋಡಿದರೆ ಚೀಲದ ಹೊಲಿಗೆ ಬಿಚ್ಚಿಹೋಗಿತ್ತು. ಒಳಗೆ ಒಂದೂ ಉಂಡೆಯಿಲ್ಲ, ಬರೀ ಹಿಟ್ಟು. ನೀರು ಹಾಕಿದರೆ ಕುದಿಯಲಿಲ್ಲ, ಬಿಸಿಯೂ ಆಗಲಿಲ್ಲ. “ಸುಣ್ಣ ಸತ್ತುಹೋಯಿತು” ಎಂದ ಕಾಕಾ. ಎಷ್ಟು ಹಾಳಾಗಿದೆ ನೋಡೋಣ ಎಂದು, ಕಿರಾಣಿ ಅಂಗಡಿಯವನಾದ್ದರಿಂದ ಅಭ್ಯಾಸದಂತೆ, ಉಳಿದ ಹಿಟ್ಟನ್ನೆಲ್ಲ ತಕ್ಕಡಿಗೆ ಹಾಕಿದ. ಹನ್ನೆರಡೂವರೆ ಕಿಲೋ ತೂಗಿತು.

ಮನೆಯಲ್ಲಿ ಯಾರೂ ಮುಟ್ಟಿರಲಿಲ್ಲ. ಸತ್ತ ಸುಣ್ಣ ಎರಡೂವರೆ ಕಿಲೋ ಹೆಚ್ಚಾಗಿತ್ತು.

“ನೀರು ಕುಡಿದಿದೆ” ಎಂದ ಕಾಕಾ. ಬಚ್ಚಲ ತೇವ ತಾನೇ. “ನೀರು ಎಲ್ಲಿ ತಾಕಿದೆ? ಚೀಲ ಒಣಗೇ ಇದೆ. ಗಾಳಿ ಕುಡಿದಿದೆ” ಎಂದಳು ಅಜ್ಜಿ. ಗಾಳಿಗೆ ಎಲ್ಲಾದರೂ ತೂಕ ಇರುತ್ತದೆಯೇ ಎಂದು ಕಾಕಾ ಗೇಲಿ ಮಾಡಿದ. ಆ ಜಗಳ ತೀರ್ಮಾನವಾಗದೆ ಊಟದ ಹೊತ್ತಾಯಿತು.

*

ಈಗ ಅಣ್ಣನ ಮಗಳ ಪುಸ್ತಕದಲ್ಲಿ ಆ ಜಗಳದ ತೀರ್ಪು ಮೂರು ಸಾಲಿನಲ್ಲಿದೆ. ಸೂತ್ರಗಳನ್ನು ಬಿಟ್ಟು, ಪದ ಸಮೀಕರಣವಾಗಿ ಬರೆದರೆ ಹೀಗೆ:

ಕ್ಯಾಲ್ಸಿಯಂ ಕಾರ್ಬೋನೇಟ್ → ಕ್ಯಾಲ್ಸಿಯಂ ಆಕ್ಸೈಡ್ + ಇಂಗಾಲದ ಡೈಆಕ್ಸೈಡ್

ಕ್ಯಾಲ್ಸಿಯಂ ಆಕ್ಸೈಡ್ + ನೀರು → ಕ್ಯಾಲ್ಸಿಯಂ ಹೈಡ್ರಾಕ್ಸೈಡ್

ಕ್ಯಾಲ್ಸಿಯಂ ಹೈಡ್ರಾಕ್ಸೈಡ್ + ಇಂಗಾಲದ ಡೈಆಕ್ಸೈಡ್ → ಕ್ಯಾಲ್ಸಿಯಂ ಕಾರ್ಬೋನೇಟ್ + ನೀರು

ಕ್ಯಾಲ್ಸಿಯಂ ಕಾರ್ಬೋನೇಟ್ ಎಂದರೆ ಸುಣ್ಣಕಲ್ಲು, ಆಕ್ಸೈಡ್ ಎಂದರೆ ಸುಟ್ಟ ಸುಣ್ಣ, ಹೈಡ್ರಾಕ್ಸೈಡ್ ಎಂದರೆ ಅರಳಿದ ಸುಣ್ಣ. ಮೊದಲನೆಯದು ಭಟ್ಟಿ, ಎರಡನೆಯದು ಡ್ರಮ್ಮು, ಮೂರನೆಯದು ಗೋಡೆ. ಮೊದಲ ಸಾಲಿನ ಎಡಕ್ಕೆ ನಿಂತಿದ್ದ ಕಲ್ಲೇ ಮೂರನೆಯ ಸಾಲಿನ ಬಲಕ್ಕೆ ಬಂದು ನಿಲ್ಲುತ್ತದೆ. ಗೋಡೆಯ ಮೇಲೆ ನಾವು ಬಳಿಯುವುದು ಸುಣ್ಣ, ಉಳಿಯುವುದು ಸುಣ್ಣಕಲ್ಲು. ನಡುವೆ ಒಂದು ದೊಡ್ಡ ಸುತ್ತು ಹಾಕಿ ಬಂದಿರುತ್ತದೆ, ಅಷ್ಟೇ.

ತೂಕ ಹಾಕಿ ನೋಡಿದರೆ ಕಥೆ ಇನ್ನೂ ಸ್ಪಷ್ಟ. ಅಪ್ಪಟ ಸುಣ್ಣಕಲ್ಲು ನೂರು ಕಿಲೋ ಸುಟ್ಟರೆ ಉಳಿಯುವುದು 56 ಕಿಲೋ. 44 ಕಿಲೋ ಆಕಾಶಕ್ಕೆ. ಉಂಡೆ ಕಲ್ಲಿನಷ್ಟು ಭಾರವಿರುತ್ತಿರಲಿಲ್ಲ ಎಂದೆನಲ್ಲ, ಕಾರಣ ಅದೇ. ಆ 56 ಕಿಲೋಗೆ ನೀರು ಸೇರಿದರೆ 74 ಆಗುತ್ತದೆ. ಅದು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿ ನೀರನ್ನು ಬಿಟ್ಟುಕೊಟ್ಟರೆ ಮರಳಿ ನೂರು. ಈ ಲೆಕ್ಕದ ಪ್ರಕಾರ ಕಾಕಾನ ಹತ್ತು ಕಿಲೋ ಪೂರ್ತಿ ಅರಳಿದ್ದರೆ 13.2 ಕಿಲೋ ಆಗಬೇಕಿತ್ತು. ಭಟ್ಟಿಯ ಸುಣ್ಣದಲ್ಲಿ ಮಣ್ಣು, ಅರೆಬೆಂದ ಕಲ್ಲು ಎಲ್ಲ ಇರುತ್ತದೆ. ಹಿಟ್ಟು ಚೆಲ್ಲಿಯೂ ಇತ್ತು. ಹನ್ನೆರಡೂವರೆ ಎಂದರೆ ಒಪ್ಪತಕ್ಕ ಅಂಕಿ. ಒಣಗಿದ್ದ ಚೀಲಕ್ಕೆ ನೀರು ಬಂದದ್ದು ಮಳೆಗಾಲದ ಗಾಳಿಯ ತೇವದಿಂದ. ಸ್ವಲ್ಪ ಭಾಗ ಇಂಗಾಲದ ಡೈಆಕ್ಸೈಡ್ ಹೀರಿ ಆಗಲೇ ಕಲ್ಲಾಗಿಯೂ ಇದ್ದಿರಬೇಕು. ಅಂದರೆ ಕಾಕಾ ಹೇಳಿದ್ದೂ ಸರಿ, ಅಜ್ಜಿ ಹೇಳಿದ್ದೂ ಸರಿ. ಇಬ್ಬರೂ ಒಂದೊಂದು ಪ್ರತಿವರ್ತಕವನ್ನು ಹಿಡಿದಿದ್ದರು. ಚೀಲ ಹರಿದದ್ದು ಏಕೆ ಎಂಬುದಕ್ಕೂ ಉತ್ತರ ಸಿಕ್ಕಿತು: ಸುಣ್ಣ ಸತ್ತಿರಲಿಲ್ಲ, ಕತ್ತಲಲ್ಲಿ ಒಬ್ಬಂಟಿಯಾಗಿ ಅರಳಿತ್ತು.

*

ನಮ್ಮ ಬಚ್ಚಲಿನ ಜಗಳಕ್ಕೆ ಹಿರಿಯಣ್ಣನಂಥ ಜಗಳವೊಂದು ಹದಿನೆಂಟನೆಯ ಶತಮಾನದಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ನಡೆದಿತ್ತು. ಮೂತ್ರಕೋಶದ ಕಲ್ಲಿಗೆ ಸುಣ್ಣದ ನೀರು ಮದ್ದು ಎಂದು ಆಗ ನಂಬುತ್ತಿದ್ದರು. ಅಲ್ಲಿನ ಇಬ್ಬರು ಪ್ರಾಧ್ಯಾಪಕರಲ್ಲಿ ರಾಬರ್ಟ್ ವಿಟ್ ಚಿಪ್ಪು ಸುಟ್ಟ ಸುಣ್ಣ ಶ್ರೇಷ್ಠ ಎಂದರೆ, ಚಾರ್ಲ್ಸ್ ಆಲ್ಸ್ಟನ್ ಕಲ್ಲು ಸುಟ್ಟ ಸುಣ್ಣವೇ ಶ್ರೇಷ್ಠ ಎಂದರು. (ಎಲೆ ಅಡಿಕೆ ಹಾಕುವವರ ನಡುವೆ ಚಿಪ್ಪುಸುಣ್ಣವೋ ಕಲ್ಲುಸುಣ್ಣವೋ ಎಂಬ ವಾದ ನಮ್ಮ ಕರಾವಳಿಯವರಿಗೂ ಬಯಲುಸೀಮೆಯವರಿಗೂ ಇಂದೂ ಮುಗಿದಿಲ್ಲ, ಪ್ರಾಧ್ಯಾಪಕರನ್ನು ದೂರುವಂತಿಲ್ಲ.) ಜೋಸೆಫ್ ಬ್ಲ್ಯಾಕ್ ಎಂಬ ವಿದ್ಯಾರ್ಥಿ ಇಬ್ಬರು ಗುರುಗಳ ನಡುವೆ ಸಿಕ್ಕಿಬೀಳಲು ಇಷ್ಟವಿಲ್ಲದೆ, ಸುಣ್ಣವನ್ನು ಬದಿಗಿಟ್ಟು ಬಿಳಿ ಮ್ಯಾಗ್ನೀಷಿಯಾ (ಮೆಗ್ನೀಷಿಯಂ ಕಾರ್ಬೋನೇಟಿನ ಪುಡಿ) ಹಿಡಿದು ಪ್ರಯೋಗ ಶುರುಮಾಡಿದ. 1754ರಲ್ಲಿ ಅದೇ ಅವನ ವೈದ್ಯ ಪದವಿಯ ಪ್ರಬಂಧವಾಯಿತು. ಬೆಳೆಸಿ ಬರೆದ ಬರಹ 1756ರಲ್ಲಿ ಅಚ್ಚಾಯಿತು. ಅಷ್ಟರಲ್ಲಿ ಸುಣ್ಣವೂ ಮರಳಿ ಬಂದಿತ್ತು.

ಅಂದಿನ ಬಹುಜನರ ಲೆಕ್ಕ ಹೀಗಿತ್ತು: ಮೆತ್ತನೆಯ ಸೀಮೆಸುಣ್ಣದ ಕಲ್ಲನ್ನು ಸುಟ್ಟರೆ ಬೆಂಕಿಯ ಕಣಗಳು ಅದರೊಳಗೆ ಹೊಕ್ಕು ಕೂರುತ್ತವೆ, ಅದಕ್ಕೇ ಸುಟ್ಟ ಸುಣ್ಣ ಕೈ ಸುಡುತ್ತದೆ, ನೀರು ಹಾಕಿದರೆ ಆ ಬೆಂಕಿ ಹೊರಬರುತ್ತದೆ. ನಮ್ಮ ಡ್ರಮ್ಮಿನ ಮುಂದೆ ನಿಂತ ಯಾರಿಗಾದರೂ ಹೊಳೆಯಬಹುದಾದ ವಿವರಣೆ, ತಪ್ಪೆನ್ನಲು ಮನಸ್ಸೇ ಬಾರದು. ಅಂದರೆ ಎಡಕ್ಕೆ ಕಲ್ಲು ಮತ್ತು ಬೆಂಕಿ, ಬಲಕ್ಕೆ ಸುಟ್ಟ ಸುಣ್ಣ. ಬ್ಲ್ಯಾಕ್ ಮಾಡಿದ ಕೆಲಸ ಲೆಕ್ಕ ತಪಾಸಣೆಯದು. ತೂಗಿದ. ಏನೋ ಒಳಹೊಕ್ಕಿದೆ ಎನ್ನುವ ವಸ್ತು ಹಗುರವಾಗಿತ್ತು. ಕಳೆದದ್ದು ನೀರಿರಬಹುದೇ? ಮ್ಯಾಗ್ನೀಷಿಯಾವನ್ನು ಕಾಯಿಸಿ ಬಂದ ನೀರನ್ನು ಹಿಡಿದು ನೋಡಿದರೆ, ಕಳೆದ ತೂಕದ ಸಣ್ಣ ಪಾಲಷ್ಟೇ. ಮಿಕ್ಕದ್ದು ಕಣ್ಣಿಗೆ ಕಾಣದ ಯಾವುದೋ ಗಾಳಿಯಾಗಿ ಹೋಗಿರಲೇಬೇಕು. ಕಲ್ಲಿನೊಳಗೆ ಕಟ್ಟಿಹಾಕಿದಂತೆ ಇದ್ದ ಆ ಗಾಳಿಯನ್ನು ಅವನು ‘ಸ್ಥಿರವಾಯು’ ಎಂದು ಕರೆದ. ನಾವು ಸಾಯಂಕಾಲದ ಪಾಠದಲ್ಲಿ ಇಂಗಾಲದ ಡೈಆಕ್ಸೈಡ್ ಎಂದು ಗೀಚಿ ಮುಗಿಸುವುದು ಇದನ್ನೇ.

ಹಾಗಾದರೆ ಬೆಂಕಿ ಎಲ್ಲಿಗೆ ಹೋಯಿತು? ಈಗಿನ ಪುಸ್ತಕದಲ್ಲಿ ಅದು ಬಾಣದ ತಲೆಯ ಮೇಲೆ ಕುಳಿತಿದೆ: ‘ಉಷ್ಣ’. ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ. ಭಟ್ಟಿಗೆ ಸುಮಾರು 900 ಡಿಗ್ರಿ ಸೆಲ್ಸಿಯಸ್ ಬೇಕು, ಬೆಂಕಿಯಿಲ್ಲದೆ ಏನೂ ನಡೆಯದು. ಆದರೆ ತಕ್ಕಡಿಯ ಮೇಲೆ ಅದಕ್ಕೆ ಜಾಗವಿಲ್ಲ. ಅಣ್ಣನ ಮಗಳ ಗೆಳತಿಯೊಬ್ಬಳು ಉಷ್ಣವನ್ನೂ ಪ್ರತಿವರ್ತಕಗಳ ಪಟ್ಟಿಗೆ ಸೇರಿಸಿ ಅರ್ಧ ಅಂಕ ಕಳೆದುಕೊಂಡಳಂತೆ. ಅವಳ ಪಕ್ಷದಲ್ಲಿ ಶತಮಾನಗಳ ಕಾಲದ ಪಂಡಿತರಿದ್ದರು ಎಂದು ಯಾರಾದರೂ ಅವಳಿಗೆ ಹೇಳಿದ್ದರೆ ಚೆನ್ನಾಗಿತ್ತು.

ತೂಗಿದ ಮಾತ್ರಕ್ಕೆ ಎಲ್ಲ ಸಿಗುತ್ತದೆಂದಲ್ಲ. ಬ್ಲ್ಯಾಕ್‌ಗಿಂತ ನೂರು ವರ್ಷ ಮೊದಲಿನ ರಸಾಯನತಜ್ಞ ಯಾನ್ ಬ್ಯಾಪ್ಟಿಸ್ಟಾ ವಾನ್ ಹೆಲ್ಮಾಂಟ್ ಒಂದು ಕುಂಡದಲ್ಲಿ 200 ಪೌಂಡ್ ಒಣಮಣ್ಣು ತುಂಬಿ, 5 ಪೌಂಡಿನ ವಿಲೋ ಸಸಿ ನೆಟ್ಟು, ಐದು ವರ್ಷ ಬರೀ ನೀರು ಹಾಕಿದ. ಮರ 169 ಪೌಂಡಿಗೆ ಬೆಳೆಯಿತು, ಮಣ್ಣು ಎರಡು ಔನ್ಸಿನಷ್ಟು ಮಾತ್ರ ಕಡಿಮೆಯಾಯಿತು. ಮರವೆಲ್ಲ ನೀರಿನಿಂದಲೇ ಆದದ್ದು ಎಂದು ತೀರ್ಮಾನಿಸಿದ. ತಕ್ಕಡಿ ಸರಿಯಿತ್ತು, ತಾಳ್ಮೆ ನಮ್ಮಂಥವರಿಗೆ ಕನಸಿನಲ್ಲೂ ಬಾರದಂಥದು. ಎಡಬದಿಯಲ್ಲಿ ಒಂದು ಹೆಸರು ಬಿಟ್ಟುಹೋಯಿತು, ಗಾಳಿಯ ಇಂಗಾಲದ ಡೈಆಕ್ಸೈಡ್. ತಮಾಷೆಯೆಂದರೆ ‘ಗ್ಯಾಸ್’ ಎಂಬ ಪದವನ್ನು ಲೋಕಕ್ಕೆ ಕೊಟ್ಟವನೇ ಈ ಹೆಲ್ಮಾಂಟ್. ಇದ್ದಿಲು ಉರಿದಾಗ ಹೊರಡುವ ಅದೇ ಅನಿಲವನ್ನು ಗುರುತಿಸಿದ್ದವನೂ ಅವನೇ. ಹೆಸರಿಟ್ಟವನ ಕಣ್ಣೆದುರೇ ಅದು ಮರದೊಳಗೆ ಹೊಕ್ಕು ಕುಳಿತಿತ್ತು.

*

‘ಉತ್ಪನ್ನ’ ಎಂಬ ಪದದ ಬಗ್ಗೆ ನನಗೊಂದು ತಕರಾರಿದೆ. ನಾವು ಅದನ್ನು ಕೇಳಿರುವುದು ಕೃಷಿ ಉತ್ಪನ್ನ ಮಾರುಕಟ್ಟೆಯಲ್ಲಿ, ಹಾಲಿನ ಉತ್ಪನ್ನಗಳ ಅಂಗಡಿಯಲ್ಲಿ. ಉತ್ಪನ್ನವೆಂದರೆ ನಮಗೆ ಬೇಕಾದ ವಸ್ತು, ಮಾರಿದರೆ ದುಡ್ಡು ಬರುವ ವಸ್ತು. ಸಮೀಕರಣದ ಬಲಬದಿಗೆ ಈ ಪಕ್ಷಪಾತವಿಲ್ಲ. ಭಟ್ಟಿಯವನಿಗೆ ಉತ್ಪನ್ನ ಒಂದೇ, ಸುಣ್ಣ. ಬಾಣಕ್ಕೆ ಉತ್ಪನ್ನ ಎರಡು. 56 ಮಾರಾಟಕ್ಕೆ, 44 ಲೆಕ್ಕಕ್ಕಿಲ್ಲ. ‘ಉಪೋತ್ಪನ್ನ’ ಎಂಬುದು ವ್ಯಾಪಾರಿಯ ಮಾತು, ಬಾಣಕ್ಕೆ ಅದು ತಿಳಿಯದು.

ಈ ಲೆಕ್ಕಕ್ಕಿಲ್ಲದ 44 ನಮ್ಮ ಜಿಲ್ಲೆಯವರಿಗೆ ದೂರದ ವಿಷಯವಲ್ಲ. ಸೇಡಂ, ವಾಡಿ ಕಡೆಯ ಸಿಮೆಂಟ್ ಕಾರ್ಖಾನೆಗಳು ಅಲ್ಲಿ ಬಂದದ್ದೇ ನೆಲದಡಿಯ ಸುಣ್ಣಕಲ್ಲಿಗಾಗಿ. ಸಿಮೆಂಟ್ ಮಾಡುವಾಗಲೂ ಮೊದಲ ಹೆಜ್ಜೆ ಇದೇ ಮೊದಲ ಸಮೀಕರಣ. ಸಿಮೆಂಟ್ ತಯಾರಿಕೆಯಿಂದ ಹೊರಬೀಳುವ ಇಂಗಾಲದ ಡೈಆಕ್ಸೈಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಉರಿಸುವ ಕಲ್ಲಿದ್ದಲಿನದಲ್ಲ, ಕಲ್ಲಿನದೇ. ನಾಳೆ ಆ ಗೂಡುಗಳನ್ನು ಬಿಸಿಲಿನಿಂದಲೇ ಕಾಯಿಸುತ್ತೇವೆ ಎಂದರೂ ಆ ಪಾಲು ಹೋಗದು, ಏಕೆಂದರೆ ಅದು ಬಾಣದ ತಲೆಯ ಮೇಲಿನದಲ್ಲ, ಬಲಬದಿಯದು. ಒಂದು ಅಂಕದ ಬಿಟ್ಟಿ ಪ್ರಶ್ನೆಯ ಉತ್ತರದಲ್ಲಿ ಸಿಮೆಂಟ್ ಉದ್ಯಮದ ತಲೆನೋವು ಕುಳಿತಿದೆ.

ಅಂದಹಾಗೆ ಈ ಬಾಣವೇ ಹೊಸದು. ಫ್ರಾನ್ಸಿನ ರಸಾಯನತಜ್ಞ ಲಾವೋಸಿಯೆ 1789ರ ತನ್ನ ಗ್ರಂಥದಲ್ಲಿ ದ್ರಾಕ್ಷಾರಸ ಹುದುಗುವುದನ್ನು ಬರೆದಾಗ ನಡುವೆ ಇಟ್ಟದ್ದು ಬೀಜಗಣಿತದ ಸಮಚಿಹ್ನೆಯನ್ನು: ಒಂದು ಕಡೆ ದ್ರಾಕ್ಷಾರಸ, ಇನ್ನೊಂದು ಕಡೆ ಕಾರ್ಬೋನಿಕ್ ಆಮ್ಲ (ಇಂಗಾಲದ ಡೈಆಕ್ಸೈಡಿಗೆ ಅವನಿಟ್ಟ ಹೆಸರು) ಮತ್ತು ಆಲ್ಕೋಹಾಲ್. ಲೆಕ್ಕದವನಾದ ನನಗೆ ಸಮಚಿಹ್ನೆಯೇ ಹಿತ. ಜಮಾ, ಖರ್ಚು ತಾಳೆಯಾಗಲೇಬೇಕು ಎಂದು ಅದು ಹಟ ಹಿಡಿಯುತ್ತದೆ. ಬಾಣ ಹೇಳುವುದು ಬೇರೆ, ಕಥೆ ಯಾವ ಕಡೆಗೆ ಹರಿಯಿತು ಎಂದು. ದ್ರಾಕ್ಷಾರಸ ಹೆಂಡವಾಗುತ್ತದೆ, ಹೆಂಡ ಮತ್ತೆ ದ್ರಾಕ್ಷಾರಸವಾಗುವುದಿಲ್ಲ.

ಕಥೆ ಯಾವಾಗಲೂ ಒಂದೇ ಕಡೆಗೆ ಹರಿಯುತ್ತದೆಂದು ನಂಬುವಂತೆಯೂ ಇಲ್ಲ. ನೆಪೋಲಿಯನ್ ಜೊತೆ 1798ರಲ್ಲಿ ಈಜಿಪ್ಟಿಗೆ ಹೋದ ರಸಾಯನತಜ್ಞ ಬರ್ತೊಲೆ ಅಲ್ಲಿನ ಉಪ್ಪಿನ ಸರೋವರಗಳ ದಡದಲ್ಲಿ ಸೋಡಾ, ಅಂದರೆ ಸೋಡಿಯಂ ಕಾರ್ಬೋನೇಟ್, ಕಟ್ಟಿಕೊಂಡಿರುವುದನ್ನು ಕಂಡ. ಪ್ರಯೋಗಾಲಯದಲ್ಲಿ ಸೋಡಿಯಂ ಕಾರ್ಬೋನೇಟಿಗೆ ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸಿದರೆ ಸುಣ್ಣಕಲ್ಲಿನ ಬಿಳಿ ಗಸಿ ಮತ್ತು ಉಪ್ಪು ಬರುತ್ತದೆ, ಇದು ಅವನಿಗೆ ಗೊತ್ತಿದ್ದ ದಿಕ್ಕು. ಸರೋವರದ ದಡದಲ್ಲಿ ಅಪಾರ ಉಪ್ಪು, ಅಪಾರ ಸುಣ್ಣಕಲ್ಲು. ಅಲ್ಲಿ ಉಪ್ಪೂ ಸುಣ್ಣಕಲ್ಲೂ ಸೇರಿ ಸೋಡಾ ಆಗುತ್ತಿತ್ತು. ಪ್ರಯೋಗಾಲಯದ ಉತ್ಪನ್ನಗಳು ದಡದಲ್ಲಿ ಪ್ರತಿವರ್ತಕಗಳು. ಯಾವುದು ಎಷ್ಟಿದೆ ಎಂಬುದರ ಮೇಲೆ ದಿಕ್ಕೇ ಬದಲಾಗಬಹುದು ಎಂದು ಅವನಿಗೆ ಹೊಳೆದದ್ದು ಅಲ್ಲಿ. ಎರಡೂ ಕಡೆಗೆ ಮುಖ ಮಾಡಿದ ಜೋಡಿ ಬಾಣವನ್ನು 1884ರಲ್ಲಿ ಬಳಕೆಗೆ ತಂದವನು ಡಚ್ ರಸಾಯನತಜ್ಞ ವಾಂಟ್ ಹಾಫ್. ಪ್ರತಿವರ್ತಕ, ಉತ್ಪನ್ನ ಎಂಬುವು ವಸ್ತುವಿನ ಹುಟ್ಟುಗುಣವಲ್ಲ. ನಾನು ಒಬ್ಬರಿಗೆ ಅಣ್ಣನ ಮಗನಾಗಿದ್ದೆ, ಈಗ ಇವಳಿಗೆ ಕಾಕಾ, ಹಾಗೆ.

*

ಗೋಡೆ ಎಂದವಳಿಗೆ ಉತ್ತರ ಬಾಯಲ್ಲಿ ಹೇಳುವುದಕ್ಕಿಂತ ತೋರಿಸುವುದು ಲೇಸೆಂದು, ಪಾನ್ ಅಂಗಡಿಯಿಂದ ಎಲೆಗೆ ಹಚ್ಚುವ ಸುಣ್ಣ ತಂದು ನೀರಿನಲ್ಲಿ ಕದಡಿ ರಾತ್ರಿ ಮುಚ್ಚಿಟ್ಟೆ. ಬೆಳಿಗ್ಗೆ ಗಸಿ ತಳಕ್ಕಿಳಿದಿತ್ತು. ಮೇಲಿನ ತಿಳಿಯಲ್ಲಿ ಸ್ವಲ್ಪವನ್ನೇ ಗಾಜಿನ ಲೋಟಕ್ಕೆ ಬಗ್ಗಿಸಿ, ಬಹಳಷ್ಟು ನೀರು ಬೆರೆಸಿ, ಎಳನೀರು ಕುಡಿಯುವ ಕೊಳವೆ ಕೊಟ್ಟು, “ಊದು, ಹೀರಬೇಡ” ಎಂದು ಮೂರು ಬಾರಿ ಎಚ್ಚರಿಸಿದೆ. ಊದಿದಳು. ಒಂದು ನಿಮಿಷದೊಳಗೆ ತಿಳಿನೀರು ಮಜ್ಜಿಗೆಯ ನೀರಿನಂತಾಯಿತು. ಬಲಬದಿಯ ಕ್ಯಾಲ್ಸಿಯಂ ಕಾರ್ಬೋನೇಟ್, ಪುಡಿಪುಡಿಯಾಗಿ, ಕಣ್ಣೆದುರು.

ನಿಲ್ಲಿಸುತ್ತಾಳೆ ಎಂದುಕೊಂಡೆ. ಹಟಮಾರಿ, ಊದುತ್ತಲೇ ಇದ್ದಳು. ಬಹಳ ಹೊತ್ತಾದ ಮೇಲೆ ಬಿಳುಪು ತೆಳುವಾಗುತ್ತ ಬಂದು ನೀರು ಮತ್ತೆ ತಿಳಿಯಾಯಿತು. “ಹಾಳಾಯಿತಾ?” ಎಂದಳು. ಇಲ್ಲ, ಈಗಷ್ಟೇ ಹುಟ್ಟಿದ ಉತ್ಪನ್ನ ನಿನ್ನ ಇನ್ನಷ್ಟು ಉಸಿರಿನೊಡನೆ ಸೇರಿ ಪ್ರತಿವರ್ತಕವಾಯಿತು, ನೀರಿನಲ್ಲಿ ಕರಗುವ ಕ್ಯಾಲ್ಸಿಯಂ ಬೈಕಾರ್ಬೋನೇಟ್ ಆಯಿತು ಎಂದೆ. ಅದನ್ನು ಕುದಿಸಿದಾಗ ಪಾತ್ರೆಯಲ್ಲಿ ಮತ್ತೆ ಬಿಳಿ ಮಬ್ಬು ಕವಿಯಿತು. ನಮ್ಮ ಬೋರ್‌ವೆಲ್ ನೀರು ಗೀಸರಿನೊಳಗೆ ಕಟ್ಟುವ ಕಲ್ಲೂ ಇದೇ. ವರ್ಷಕ್ಕೊಮ್ಮೆ ದುರಸ್ತಿಯವನಿಗೆ ಕೊಡುವ ದುಡ್ಡನ್ನು ಯಾವ ಬದಿಗೆ ಬರೆಯಬೇಕೋ ನನಗಿನ್ನೂ ತಿಳಿದಿಲ್ಲ.

ಆ ಮೇಲೆ ಅವಳಿಗೆ ಒಂದು ವಸ್ತು ತೋರಿಸಿದೆ. ಊರ ಮನೆ ಈಗ ಯಾರೂ ಇಲ್ಲದೆ ಬಿದ್ದಿದೆ. ಹೋದ ಸಲ ಹೋದಾಗ ನಡುಮನೆಯ ಗೋಡೆಯಿಂದ ಅಂಗೈಯಗಲದ ಸುಣ್ಣದ ಚಕ್ಕೆ ಕಳಚಿ ಬಿದ್ದಿತ್ತು, ಎತ್ತಿಟ್ಟುಕೊಂಡು ಬಂದಿದ್ದೆ. ಅಂಚಿನಲ್ಲಿ ನೋಡಿದರೆ ಪದರಪದರ. ಬಿಳಿ, ನೀಲಿ ಹೆಚ್ಚಾದ ಒಂದು ವರ್ಷದ್ದು, ಮತ್ತೆ ಬಿಳಿ, ಅಡುಗೆಯ ಹೊಗೆಯ ಕಂದುಗೆರೆ, ಮತ್ತೆ ಬಿಳಿ. ಕಾಕಾನ ಸತ್ತ ಸುಣ್ಣದ ವರ್ಷದ ಪದರ ಯಾವುದೋ ಹೇಳಲಾರೆ. ಆ ವರ್ಷದ್ದು ಮುಟ್ಟಿದರೆ ಕೈಗೆ ಹತ್ತುತ್ತಿತ್ತು ಎಂದು ಅಜ್ಜಿ ಬಹಳ ದಿನ ಗೊಣಗಿದ್ದಳು. ಚಕ್ಕೆಯ ಮೂಲೆಗೆ ನಿಂಬೆರಸ ಬಿಟ್ಟೆವು. ಸಣ್ಣಗೆ ನೊರೆಯೆದ್ದಿತು. ಕಟ್ಟಿಹಾಕಿದ್ದ ಗಾಳಿ ಹೊರಬೀಳುತ್ತಿತ್ತು.

ಅವಳು ನೊರೆ ಆರುವವರೆಗೆ ನೋಡಿದಳು. “ಈ ಗಾಳಿ ಆಗ ಸುಣ್ಣಕ್ಕೆ ಎಲ್ಲಿಂದ ಬಂತು ಕಾಕಾ?”

“ಕೋಣೆಯಿಂದ.”

“ಕೋಣೆಗೆ?”

ನಾನು ಉತ್ತರ ಕೊಡುವ ಮೊದಲೇ ಕೊಳವೆಯನ್ನೊಮ್ಮೆ ನೋಡಿದಳು. “ಹಾಗಾದರೆ ಆಗ ಮನೆಯಲ್ಲಿ ಇದ್ದವರೆಲ್ಲ? ನಿಮ್ಮ ಅಜ್ಜಿಯೂ?”

ತಪಾಸಣೆಯವನ ಬಾಯಿ ಸುಮ್ಮನಿರಬೇಕಲ್ಲ. ಒಲೆಯದೂ ಇದೆ, ಹಿತ್ತಲ ಎಮ್ಮೆಯದೂ ಇದೆ, ರಸ್ತೆಯ ಲಾರಿಗಳದೂ ಇದೆ, ಊರ ಗಾಳಿಯ ಪಾಲೇ ಹೆಚ್ಚು, ಉಸಿರಿನದು ಎಷ್ಟೆಂದು ಬಿಡಿಸಿ ಹೇಳಲು ಬರುವುದಿಲ್ಲ ಎಂದೆ. ಅವಳು ತಲೆಯಾಡಿಸಿ ಪುಸ್ತಕ ತೆರೆದಳು. ‘ಸುಣ್ಣ’ದ ಪಕ್ಕ ಪೆನ್ಸಿಲಿನಲ್ಲಿ ಬರೆದಿದ್ದ ‘ಗೋಡೆ’ಯನ್ನು ಅಳಿಸಿದಳು. ‘ಇಂಗಾಲದ ಡೈಆಕ್ಸೈಡ್’ ಎಂದು ಬರೆದು, ಪರೀಕ್ಷೆಯಲ್ಲಿ ಯಾರೂ ಕೇಳದ ಒಂದು ಆವರಣ ಹಾಕಿ, ಒಳಗೆ ‘ಎಮ್ಮೆಯದೂ’ ಎಂದು ಸೇರಿಸಿದಳು.